ಅರ್ಧವೃತ್ತದ ರಾಜ

ಯುರೋಪಿನ ಮಧ್ಯಯುಗದ ರಾಜರ ಮೇಲುಹೊದಿಕೆಯಷ್ಟು ಸುಲಭದ ಹೊಲಿಗೆ ಇನ್ನೊಂದಿಲ್ಲ. ತೋಳಿಲ್ಲ, ಗುಂಡಿಯ ಸಾಲಿಲ್ಲ. ಬಟ್ಟೆಯನ್ನು ಅರ್ಧವೃತ್ತಕ್ಕೆ ಕತ್ತರಿಸಿ ಕತ್ತಿನ ಬಳಿ ಕೊಕ್ಕೆ ಹಾಕಿದರೆ ಆಯಿತು. ಸಿಸಿಲಿಯ ದೊರೆ ಎರಡನೆಯ ರೋಜರನಿಗೆಂದು 1133–34ರಲ್ಲಿ ಪಲೆರ್ಮೊದಲ್ಲಿ ಮಾಡಿದ, ಒಂಟೆಯ ಮೇಲೆರಗಿದ ಸಿಂಹದ ಕಸೂತಿಯ ಕೆಂಪು ರೇಷ್ಮೆ ಹೊದಿಕೆ ಈಗಲೂ ವಿಯೆನ್ನಾದಲ್ಲಿದೆ. ಅದೂ ಅರ್ಧವೃತ್ತವೇ. ಆದರೆ ರೋಜರನಿಗೆ ಅರಮನೆಯಿತ್ತು. ನಮಗಿರುವುದು ಮುಂಬಯಿಯ ಮುಲುಂಡಿನ ಒನ್ ಬಿಎಚ್‌ಕೆ.

ಕನ್ನಡ ಸಂಘದ ನಾಟಕದಲ್ಲಿ ನಮ್ಮವರು ರಾಜ. ಮಂಗಲದಾಸ್ ಮಾರ್ಕೆಟ್ಟಿನಿಂದ 58 ಇಂಚು ಅಗಲದ ಮೆರೂನ್ ಕೋಟಿನ ಬಟ್ಟೆ 3 ಮೀಟರ್ ತಂದು ಹಾಸಲು ಹೋದರೆ ಅಡ್ಡ ಸೋಫಾ, ಕಪಾಟು, ಮಾವನವರ ಕಾಲು. ಕೊನೆಗೆ ಹೊರಗಿನ ಪ್ಯಾಸೇಜಿನಲ್ಲಿ ಹಾಸಿ, ದಾರಕ್ಕೆ ಚಾಕ್ ಕಟ್ಟಿ ಗೀರತೊಡಗಿದೆ. ಹಾಲಿನವನು ಚಪ್ಪಲಿ ಕಳಚಿ, ಗೋಡೆಗೆ ಬೆನ್ನೊತ್ತಿಕೊಂಡು ದಾಟಿದ. ಎದುರುಮನೆಯ ಮರಾಠಿ ಕಾಕೂ ಭಕ್ತಿಯಿಂದ ಕೇಳಿದರು, “ಪೂಜೆ ಎಷ್ಟು ಗಂಟೆಗೆ?”

ಕತ್ತಿನ ಲೆಕ್ಕ ಮಾವನವರದು. ಬ್ಯಾಂಕಿನಲ್ಲಿದ್ದು ನಿವೃತ್ತರಾದವರು, ಪೈಸೆ ತಪ್ಪಿದವರಲ್ಲ. ಸುತ್ತಳತೆ 16 ಇಂಚು. ಅರ್ಧವೃತ್ತಕ್ಕಾದರೆ ಅದನ್ನು 3.14ರಿಂದ ಭಾಗಿಸಬೇಕು, ತ್ರಿಜ್ಯ 5 ಇಂಚು ಚಿಲ್ಲರೆ. ಅವರು ಪೂರ್ಣವೃತ್ತದ ಸೂತ್ರ ಹಿಡಿದು 6.28ರಿಂದ ಭಾಗಿಸಿ ಎರಡೂವರೆ ಎಂದರು. ಕತ್ತರಿಸಿ ನೋಡಿದರೆ ಅದರಲ್ಲಿ ಕೋಳಿಯ ಕತ್ತು ಹಿಡಿದೀತು. ಪುಣ್ಯಕ್ಕೆ, ಕಿರಿದಾದದ್ದನ್ನು ಮತ್ತೆ ಕತ್ತರಿಸಬಹುದು. ಹಿರಿದಾಗಿದ್ದರೆ ರಾಜನ ಭುಜದಿಂದ ರಾಜ್ಯವೇ ಜಾರುತ್ತಿತ್ತು.

“ನನ್ನ ಲೆಕ್ಕ ಸರಿಯೇ ಇದೆ, ನಿಮ್ಮ ವೃತ್ತವೇ ಅರ್ಧ,” ಎಂದರು ಮಾವ.

ಅಂಚು ಮಡಿಸುವ ಮುನ್ನ ಒಂದು ರಾತ್ರಿ ತೂಗುಹಾಕಬೇಕು. ಎಳೆ ಓರೆಯಾಗಿ ಬಿದ್ದ ಕಡೆ ಬಟ್ಟೆ ತನ್ನ ಭಾರಕ್ಕೇ ಜಗ್ಗಿ ಇಳಿಯುತ್ತದೆ. ಅವಸರದಲ್ಲಿ ಮಡಿಸಿದರೆ ಅಂಚು ಡೊಂಕು. ಫ್ಯಾನ್ ಬಿಟ್ಟರೆ ತೂಗಲು ಬೇರೆ ಎತ್ತರದ ಜಾಗವಿಲ್ಲ. ಮೇ ತಿಂಗಳು. ಇಡೀ ಮನೆ ರಾಜನಿಷ್ಠೆಯಿಂದ ಬೆವರಿತು. ನಡುರಾತ್ರಿ ನಮ್ಮವರು ನಿದ್ದೆಗಣ್ಣಿನಲ್ಲಿ ಸ್ವಿಚ್ ಒತ್ತಿದರು. ಹೊದಿಕೆ ದಂಡಯಾತ್ರೆ ಹೊರಟಿತು: ಟಿವಿ ಪಕ್ಕದ ಹೂದಾನಿ, ಮಾವನವರ ಕನ್ನಡಕ, ಎರಡೂ ಒಂದೇ ಸುತ್ತಿನಲ್ಲಿ ವಶ.

ತಾಲೀಮಿನಲ್ಲಿ ನಿರ್ದೇಶಕರು ಮೆಚ್ಚಿದರು. “ಇದಕ್ಕೊಂದು ಕುಲಾವಿಯೂ ಇದ್ದಿದ್ದರೆ!” ಅರ್ಧವೃತ್ತ ಕತ್ತರಿಸಿದಾಗ ಮೂಲೆಯ ಎರಡು ತುಂಡು ಉಳಿದಿದ್ದವಲ್ಲ, ಹುಡುಕಿಕೊಂಡು ಅಡುಗೆಮನೆಗೆ ಹೋದರೆ ಅತ್ತೆ ಆಗಲೇ ಮಿಕ್ಸಿಗೆ ಗವಸು ಹೊಲಿದುಬಿಟ್ಟಿದ್ದಾರೆ. ತೆಗೆದು ನಮ್ಮವರ ತಲೆಗೆ ಹಾಕಿ ನೋಡಿದೆ. ಹೇಳಿ ಮಾಡಿಸಿದ ಅಳತೆ.

“ಚಟ್ನಿ ರುಬ್ಬಿ ಆಯ್ತು, ತಗೊಂಡು ಹೋಗಲಿ,” ಎಂದರು ಅತ್ತೆ. “ಆದರೆ ನಾಟಕ ಮುಗಿದ ರಾತ್ರಿಯೇ ವಾಪಸ್ ಬರಬೇಕು. ಜಿರಳೆ ಕಾಟ.”