ಒಬ್ಬರೇ ಎರಡು ಕ್ಷೇತ್ರದಲ್ಲಿ ನಿಲ್ಲುವುದನ್ನು ನಿಷೇಧಿಸಬೇಕೇ?

ಪರ: ಓಟು ಹಾಕುವವರಿಗೆ ಒಂದು, ಕೇಳುವವರಿಗೆ ಎರಡು ಯಾಕೆ?

ಶಾಸಕರು ವಿಧಾನಸಭೆಯಲ್ಲಿ ಕೂರುವುದು ಒಂದೇ ಕುರ್ಚಿಯಲ್ಲಿ. ಹಾಗಿದ್ದ ಮೇಲೆ ಎರಡು ಕಡೆ ನಾಮಪತ್ರ ಹಾಕುವುದು ಯಾಕೆ? ಕೇಳಿದರೆ ಕಾರ್ಯಕರ್ತರ ಒತ್ತಡ ಅಂತಾರೆ. ಹೈಕಮಾಂಡ್ ಹೇಳಿತು ಅಂತಾರೆ. ಆ ಭಾಗದಲ್ಲಿ ಪಕ್ಷಕ್ಕೆ ಬಲ ಬರುತ್ತದೆ ಅಂತಾರೆ. ಸೋಲಿನ ಭಯ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ನನ್ನ ಹೆಸರು ಎರಡು ಕ್ಷೇತ್ರದ ಮತದಾರರ ಪಟ್ಟಿಯಲ್ಲಿ ಇರುವ ಹಾಗಿಲ್ಲ. ಕಾನೂನು ಒಪ್ಪುವುದಿಲ್ಲ. ಆದರೆ ನನ್ನ ಓಟು ಕೇಳಲು ಬರುವವರ ಹೆಸರು ಎರಡು ಕ್ಷೇತ್ರದ ಮತಯಂತ್ರದಲ್ಲಿ ಇರಬಹುದು. ಇದಕ್ಕಿಂತ ದೊಡ್ಡ ತಾರತಮ್ಯ ಬೇರೆ ಬೇಕಾ?

ಮೊದಲು ಪರಿಸ್ಥಿತಿ ಇನ್ನೂ ಕೆಟ್ಟದಾಗಿತ್ತು. ಎಷ್ಟು ಕಡೆ ಬೇಕಾದರೂ ನಿಲ್ಲಬಹುದಿತ್ತು. 1985ರಲ್ಲಿ ಪಕ್ಕದ ಆಂಧ್ರದಲ್ಲಿ ಎನ್.ಟಿ. ರಾಮರಾವ್ ಮೂರು ಕ್ಷೇತ್ರದಲ್ಲಿ ನಿಂತು ಮೂರರಲ್ಲೂ ಗೆದ್ದರು. ಹಿಂದೂಪುರ ಇಟ್ಟುಕೊಂಡು ಉಳಿದ ಎರಡನ್ನು ಬಿಟ್ಟರು. 1996ರಲ್ಲಿ ಜನಪ್ರತಿನಿಧಿ ಕಾಯ್ದೆಗೆ ತಿದ್ದುಪಡಿ ಬಂತು, ಎರಡೇ ಸಾಕು ಎಂದಾಯಿತು. ಮೂರು ತಪ್ಪಾದರೆ ಎರಡೂ ತಪ್ಪೇ ಅಲ್ವಾ?

ನಾನು ಹೈಸ್ಕೂಲ್ ಮೇಷ್ಟ್ರು. ಚುನಾವಣಾ ಡ್ಯೂಟಿ ನಮಗೆ ತಪ್ಪಿದ್ದಲ್ಲ. 2018ರ ಮೇ ತಿಂಗಳಲ್ಲಿ ಎಚ್.ಡಿ. ಕುಮಾರಸ್ವಾಮಿ ಅವರು ರಾಮನಗರ, ಚನ್ನಪಟ್ಟಣ ಎರಡೂ ಕಡೆ ಗೆದ್ದರು. ಚನ್ನಪಟ್ಟಣ ಉಳಿಸಿಕೊಂಡು ರಾಮನಗರ ಬಿಟ್ಟರು. ನವೆಂಬರ್ 3ಕ್ಕೆ ರಾಮನಗರದಲ್ಲಿ ಉಪಚುನಾವಣೆ. ನನಗೆ ಅಲ್ಲಿನ ಒಂದು ಹಳ್ಳಿಯ ಮತಗಟ್ಟೆ ಬಂತು, ನಾನೇ ಅದರ ಮುಖ್ಯಾಧಿಕಾರಿ, ಅಂದರೆ ಪಿಆರ್‌ಒ.

ಹಿಂದಿನ ದಿನ ಮತಯಂತ್ರ ಹಂಚುವ ಮಸ್ಟರಿಂಗ್ ಸೆಂಟರ್‌ನಲ್ಲಿ ಯಂತ್ರ ಎಣಿಸಿ ಸಹಿ ಹಾಕಿ, ಬಸ್ಸು ಹತ್ತಿ ಶಾಲೆ ತಲುಪುವಷ್ಟರಲ್ಲಿ ಸಂಜೆ. ಬೆಳಗ್ಗೆ ಮತದಾನ ಶುರುವಾಗುವ ಮುಂಚೆ ಏಜೆಂಟರ ಎದುರು ಅಣಕು ಮತದಾನ ಮಾಡಬೇಕು. ಕನಿಷ್ಠ 50 ಓಟು. ಪಟ್ಟಿಯಲ್ಲಿರುವ ಪ್ರತಿ ಅಭ್ಯರ್ಥಿಗೂ ಬೀಳಬೇಕು, ನೋಟಾಕ್ಕೂ ಬೀಳಬೇಕು. ಮತದಾನಕ್ಕೆ ಎರಡು ದಿನ ಇರುವಾಗ ಬಿಜೆಪಿ ಅಭ್ಯರ್ಥಿ ಎಲ್. ಚಂದ್ರಶೇಖರ್ ಕಣ ಬಿಟ್ಟು ಕಾಂಗ್ರೆಸ್‌ಗೆ ವಾಪಸಾಗಿದ್ದರು. ನಾಮಪತ್ರ ಹಿಂದೆ ತಗೊಳ್ಳುವ ದಿನ ಮುಗಿದಿತ್ತು, ಹಾಗಾಗಿ ಅವರ ಹೆಸರು, ಕಮಲದ ಗುರುತು ಯಂತ್ರದ ಮೇಲೆ ಹಾಗೇ ಇತ್ತು. ಆ ಪಕ್ಷದ ಏಜೆಂಟ್ ನಮ್ಮ ಬೂತಿಗೆ ಬರಲೇ ಇಲ್ಲ. ನಿಯಮ ನಿಯಮವೇ, ಆ ಗುಂಡಿಯನ್ನೂ ಒತ್ತಿದೆವು. ಯಾರಿಗೆ ಓಟು ಬಿತ್ತು ಎಂದು ತೋರಿಸುವ ವಿವಿಪ್ಯಾಟ್ ಯಂತ್ರದ ಕಿಂಡಿಯಲ್ಲಿ ಚೀಟಿ 7 ಸೆಕೆಂಡ್ ನಿಂತು ಕೆಳಗೆ ಬಿತ್ತು. ಕಣದಲ್ಲೇ ಇಲ್ಲದವರಿಗೆ ಓಟು ಬೀಳುತ್ತದೆ ಎಂದು ಖಾತ್ರಿ ಮಾಡಿಕೊಂಡು ಸೀಲ್ ಹಾಕಿದೆವು.

ಮಧ್ಯಾಹ್ನದ ಹೊತ್ತಿಗೆ ಒಬ್ಬ ಅಜ್ಜಿ ಮೊಮ್ಮಗನ ಕೈ ಹಿಡಿದುಕೊಂಡು ಬಂದರು. ಶಾಯಿ ಹಚ್ಚುವಾಗ, "ಮೊನ್ನೆ ತಾನೆ ಒತ್ತಿದ್ನಲ್ಲ ಸಾ, ಅದು ಸೇರಲಿಲ್ವಾ?" ಎಂದು ಕೇಳಿದರು. "ಸೇರಿದೆ ಅಜ್ಜಿ, ಇದು ಬೇರೆ ಚುನಾವಣೆ" ಅಂದೆ. "ಗೆದ್ದೋರು ಇದ್ದಾರಲ್ಲ, ಮತ್ಯಾಕೆ?" ಅಂದರು. ಮತಗಟ್ಟೆಯೊಳಗೆ ಅದಕ್ಕಿಂತ ಹೆಚ್ಚು ಮಾತಾಡುವ ಅಧಿಕಾರ ನನಗಿರಲಿಲ್ಲ. ಆದರೆ ಆ ಅಜ್ಜಿಯ ಪ್ರಶ್ನೆಗೆ ಈಗಲೂ ನನ್ನ ಹತ್ತಿರ ಉತ್ತರ ಇಲ್ಲ. ಅವರ ಓಟು ಸರಿಯಾಗೇ ಇತ್ತು. ಗೆದ್ದವರು ಸಾಯಲಿಲ್ಲ, ಅನರ್ಹರಾಗಲಿಲ್ಲ. ಅವರಿಗೆ ಇನ್ನೊಂದು ಊರು ಸಾಕಾಯಿತು ಅಷ್ಟೆ. ಕೊನೆಗೆ ಅನಿತಾ ಕುಮಾರಸ್ವಾಮಿ ಅವರು ಲಕ್ಷಕ್ಕೂ ಹೆಚ್ಚು ಮತಗಳ ಅಂತರದಲ್ಲಿ ಗೆದ್ದರು. ಗಂಡ ಬಿಟ್ಟ ಕ್ಷೇತ್ರ ಹೆಂಡತಿಗೆ ಹೋಯಿತು. ಅಷ್ಟಕ್ಕೆ ಅಷ್ಟು ಬಸ್ಸು, ಅಷ್ಟು ಪೊಲೀಸರು, ಅಷ್ಟು ಮೇಷ್ಟ್ರುಗಳು! ಆ ಖರ್ಚು ಯಾವ ಪಕ್ಷದ ಕಚೇರಿಯಿಂದಲೂ ಬರಲಿಲ್ಲ, ಜನರ ದುಡ್ಡಿನಿಂದ ಬಂತು.

ಅದೇ 2018ರಲ್ಲಿ ಬಾದಾಮಿ ನೋಡಿ. ಸಿದ್ದರಾಮಯ್ಯ ಅವರಿಗೆ ಚಾಮುಂಡೇಶ್ವರಿಯೂ ಇತ್ತು, ಬಾದಾಮಿಯೂ ಇತ್ತು. ಅಲ್ಲಿ ಅವರ ಎದುರಾಳಿ ಶ್ರೀರಾಮುಲು ಅವರಿಗೆ ಮೊಳಕಾಲ್ಮುರು ಇತ್ತು. ಬಾಗಲಕೋಟೆ ಜಿಲ್ಲೆಯ ಆ ಜನ ಎರಡೆರಡು ಕಡೆ ಕಾಲಿಟ್ಟ ಇಬ್ಬರು ಹೊರಗಿನವರ ನಡುವೆ ಒಬ್ಬರನ್ನು ಆರಿಸಬೇಕಾಯಿತು. ಐದು ವರ್ಷ ಆದ ಮೇಲೆ, ಅಲ್ಲಿ ಗೆದ್ದ ಸಿದ್ದರಾಮಯ್ಯ ಅವರೂ ವರುಣಾಕ್ಕೆ ಹೊರಟರು.

ದೊಡ್ಡ ನಾಯಕರು ಸೋತರೆ ರಾಜ್ಯಕ್ಕೆ ನಷ್ಟ ಎಂದು ವಾದಿಸುವವರಿದ್ದಾರೆ. ಹಾಗಾದರೆ ಅವರಿಗೆ ಚುನಾವಣೆಯೇ ಬೇಡ, ಸುಮ್ನೆ ಕರೆದು ಕೂರಿಸಿಬಿಡಿ ಎಂದು ಹೇಳಲಿ!

ಈ ಮಾತು ನನ್ನೊಬ್ಬನದಲ್ಲ. ಒಬ್ಬರಿಗೆ ಒಂದೇ ಕ್ಷೇತ್ರ ಎಂದು ಕಾನೂನು ಆಯೋಗ 1999ರಲ್ಲೂ ಹೇಳಿತು, 2015ರಲ್ಲೂ ಹೇಳಿತು. 2023ರ ಫೆಬ್ರುವರಿಯಲ್ಲಿ ವಿಷಯ ಸುಪ್ರೀಂ ಕೋರ್ಟಿಗೆ ಹೋದಾಗ, ಇದು ಸಂಸತ್ತು ತೀರ್ಮಾನ ಮಾಡಬೇಕಾದ ವಿಷಯ ಎಂದು ಕೋರ್ಟು ಅರ್ಜಿಯನ್ನು ತಳ್ಳಿಹಾಕಿತು. ಅಂದರೆ ಎರಡು ಕಡೆ ನಿಲ್ಲುವ ಸೌಕರ್ಯ ಇರುವವರೇ ಅದನ್ನು ತೆಗೆಯಬೇಕು. ನಿಮ್ಮ ಸಂಸದರು ಮುಂದಿನ ಸಲ ಓಟು ಕೇಳಲು ಬಂದಾಗ, ಇದರ ಪರ ಕೈ ಎತ್ತುತ್ತೀರಾ ಎಂದು ನೇರವಾಗಿ ಕೇಳಿ.

ವಿರೋಧ: ನಿಷೇಧ ಬೇಡ, ಬಿಟ್ಟು ಹೋದವರು ದುಡ್ಡು ಕಟ್ಟಲಿ

ಈ ಕಡೆಯ ವಾದವನ್ನು ಬರೆದುಕೊಡಿ ಎಂದು ನನ್ನನ್ನು ಕೇಳಿದರು. ಗೆದ್ದ ಕ್ಷೇತ್ರವನ್ನು ಬಿಟ್ಟು ಹೋಗುವುದು ನನಗೂ ಹಿಡಿಸುವುದಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ನಿಷೇಧ ಹಾಕಿದರೆ ಉಪಚುನಾವಣೆಗಳು ನಿಲ್ಲುತ್ತವೆ ಎಂಬ ಮಾತನ್ನು ಒಪ್ಪಲಾರೆ.

ರಾಮನಗರದ ಕಥೆಯನ್ನೇ ತಗೊಳ್ಳಿ. ಅದೇ ದಿನ ರಾಜ್ಯದಲ್ಲಿ ಐದು ಕಡೆ ಉಪಚುನಾವಣೆ ನಡೆಯಿತು. ಜಮಖಂಡಿಯಲ್ಲಿ ಶಾಸಕರು ತೀರಿಕೊಂಡಿದ್ದರು. ಬಳ್ಳಾರಿ, ಶಿವಮೊಗ್ಗ, ಮಂಡ್ಯದಲ್ಲಿ ಸಂಸದರು ಶಾಸಕರಾಗಿ ಬಂದಿದ್ದರು. ಎರಡು ಕ್ಷೇತ್ರದ ಕಾರಣಕ್ಕೆ ಆದದ್ದು ರಾಮನಗರ ಒಂದೇ. 2019ರ ಡಿಸೆಂಬರ್‌ನಲ್ಲಿ 15 ಕ್ಷೇತ್ರಗಳಿಗೆ ಉಪಚುನಾವಣೆ ಬಂತು, ಪಕ್ಷ ಬಿಟ್ಟ ಶಾಸಕರಿಂದ. 2024ರ ನವೆಂಬರ್‌ನಲ್ಲಿ ಸಂಡೂರು, ಶಿಗ್ಗಾವಿ, ಚನ್ನಪಟ್ಟಣ, ಶಾಸಕರು ಸಂಸದರಾಗಿ ಹೋದದ್ದರಿಂದ. ಮೇಷ್ಟ್ರು ಎಲ್ಲಾ ತಪ್ಪನ್ನೂ ಎರಡು ಕ್ಷೇತ್ರದ ತಲೆಗೇ ಕಟ್ಟಿದರೆ ಹೇಗೆ? ಜನರ ದುಡ್ಡು ಉಳಿಸಬೇಕೆಂದರೆ ಮೊದಲು ಹಿಡಿಯಬೇಕಾದದ್ದು ಪಕ್ಷಾಂತರವನ್ನು.

ಇನ್ನು ಎರಡು ಕಡೆ ನಿಂತವರೆಲ್ಲ ಗೆದ್ದೇ ಬಿಡುತ್ತಾರೆ ಎಂದೇನಿಲ್ಲ. 1989ರಲ್ಲಿ ಎಚ್.ಡಿ. ದೇವೇಗೌಡರು ಹೊಳೆನರಸೀಪುರ, ಕನಕಪುರ ಎರಡರಲ್ಲೂ ಸೋತರು. 2023ರಲ್ಲಿ ವಿ. ಸೋಮಣ್ಣ ವರುಣಾದಲ್ಲೂ ಸೋತರು, ಚಾಮರಾಜನಗರದಲ್ಲೂ ಸೋತರು. ಅದೇ ಸಲ ಪದ್ಮನಾಭನಗರದಲ್ಲಿ ಗೆದ್ದ ಆರ್. ಅಶೋಕ ಅವರನ್ನು ಕನಕಪುರದ ಜನ ಮೂರನೇ ಸ್ಥಾನಕ್ಕೆ ಇಳಿಸಿದರು. ಯಾರು ನಮ್ಮವರು, ಯಾರು ಬಂದು ಹೋಗುವವರು ಎಂದು ಜನರಿಗೆ ಗೊತ್ತಿದೆ. ಅವರು ಮಾಡುತ್ತಿರುವ ಕೆಲಸವನ್ನು ಕಾನೂನಿಗೆ ಕೊಡುವ ಅಗತ್ಯ ನನಗೆ ಕಾಣುತ್ತಿಲ್ಲ.

ಬಾದಾಮಿಯ ಬಗ್ಗೆ ಇನ್ನೊಂದು ಮಾತು. 2018ರಲ್ಲಿ ಸಿದ್ದರಾಮಯ್ಯ ಚಾಮುಂಡೇಶ್ವರಿಯಲ್ಲಿ 36 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು, ಬಾದಾಮಿಯಲ್ಲಿ 1,696 ಮತಗಳಿಂದ ಗೆದ್ದರು. ಬಾದಾಮಿ ಇಲ್ಲದಿದ್ದರೆ 2019ರಲ್ಲಿ ವಿಧಾನಸಭೆಯ ವಿರೋಧ ಪಕ್ಷದ ನಾಯಕ ಅವರಾಗುತ್ತಿರಲಿಲ್ಲ. ಅವರನ್ನು ನೀವು ಒಪ್ಪಿ, ಒಪ್ಪದೇ ಇರಿ, ಸರ್ಕಾರವನ್ನು ನಿಂತು ಪ್ರಶ್ನೆ ಮಾಡುವ ಅನುಭವಿಗಳು ಸದನದಲ್ಲಿ ಇರಬೇಕು. ಮುಖ್ಯಮಂತ್ರಿಯಂಥವರು ಚುನಾವಣೆ ಹೊತ್ತಿನಲ್ಲಿ ರಾಜ್ಯವೆಲ್ಲ ತಿರುಗಬೇಕು, ಸ್ವಂತ ಕ್ಷೇತ್ರದಲ್ಲಿ ಕೂರಲು ಆಗುವುದಿಲ್ಲ. ಎದುರಾಳಿಗಳು ಅದನ್ನೇ ನೋಡಿಕೊಂಡು ಅಲ್ಲಿ ಬಲೆ ಬೀಸುತ್ತಾರೆ.

ನನಗೆ ಪೂರ್ತಿ ಒಪ್ಪಿಗೆ ಇರುವುದು ಮಧ್ಯದ ದಾರಿ. ಚುನಾವಣಾ ಆಯೋಗವೇ 2004ರಲ್ಲಿ ಹೇಳಿತ್ತು: ಒಂದೇ ಕ್ಷೇತ್ರಕ್ಕೆ ಸೀಮಿತ ಮಾಡಿ, ಆಗದಿದ್ದರೆ, ಎರಡು ಕಡೆ ಗೆದ್ದು ಒಂದನ್ನು ಬಿಡುವವರು ಉಪಚುನಾವಣೆಯ ಖರ್ಚಿಗೆ ದುಡ್ಡು ಕಟ್ಟಲಿ. ವಿಧಾನಸಭೆಗೆ 5 ಲಕ್ಷ, ಲೋಕಸಭೆಗೆ 10 ಲಕ್ಷ ಎಂದು ಆಗ ಹೇಳಿದ್ದರು. ಒಬ್ಬ ವಿಧಾನಸಭಾ ಅಭ್ಯರ್ಥಿ 40 ಲಕ್ಷದವರೆಗೆ ಖರ್ಚು ಮಾಡಬಹುದು ಎನ್ನುವ ಈ ಕಾಲಕ್ಕೆ 5 ಲಕ್ಷ ಏನೇನೂ ಅಲ್ಲ. ಉಪಚುನಾವಣೆಗೆ ಎಷ್ಟು ಖರ್ಚಾಯಿತೋ ಅಷ್ಟನ್ನೂ ಅವರ ಪಕ್ಷದಿಂದಲೇ ವಸೂಲು ಮಾಡಲಿ. ಅದರ ಜೊತೆಗೆ, ಬಿಟ್ಟ ಕ್ಷೇತ್ರಕ್ಕೆ ಮನೆಯವರನ್ನೇ ನಿಲ್ಲಿಸುವಂತಿಲ್ಲ ಎಂದು ಪಕ್ಷಗಳು ಒಪ್ಪುವುದಾದರೆ ನಾನೇ ಮುಂದೆ ನಿಂತು ಸ್ವಾಗತಿಸುತ್ತೇನೆ. ರಾಮನಗರದ ಅಜ್ಜಿಯ ಸಿಟ್ಟು ನ್ಯಾಯವಾದದ್ದೇ.