ಬೆಂಗಳೂರಿನ ಬೇಸ್‌ಮೆಂಟಿಗಿಂತ ಹಾಸನದ ಗೋಡೌನೇ ವಾಸಿ

ಅಪರೂಪದ ಸ್ಪೋರ್ಟ್ಸ್ ಕಾರು ಕೊಳ್ಳುವವರಿಗೆ ಬೆಂಗಳೂರಿನಲ್ಲಿ ಈಗ ಬರವಿಲ್ಲ. ದುಡ್ಡಿದೆ, ಆಸೆಯೂ ಇದೆ. ಕಾರನ್ನು ನೆಮ್ಮದಿಯಾಗಿ ಇಡೋಕೆ ಜಾಗ ಮಾತ್ರ ಇಲ್ಲ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಎರಡು ಕಂಬಗಳ ನಡುವೆ ಎಳೆದ ಹಳದಿ ಗೆರೆಯೇ ಇವರ ಗ್ಯಾರೇಜು. ಒಂದು ಪಕ್ಕದಲ್ಲಿ ಮಕ್ಕಳ ಸೈಕಲ್ಲು, ತಲೆ ಮೇಲೆ ತೊಟ್ಟಿಕ್ಕುವ ಪೈಪು. ಕೆಲವು ಕಡೆ ಕಾರಿನ ಮೇಲೆ ಕಾರು ನಿಲ್ಲಿಸುವ ಹೈಡ್ರಾಲಿಕ್ ಪಾರ್ಕಿಂಗ್ ಇರುತ್ತೆ. ಮೇಲಿನ ಕಾರಿನ ಆಯಿಲ್ ಕೆಳಗಿನ ಕಾರಿನ ಬಾನೆಟ್ ಮೇಲೆ ಬೀಳುತ್ತೆ. ನನ್ನ ಕೇಳಿದರೆ, ಇವರು ಜಾಗ ಹುಡುಕುತ್ತಿರುವ ಊರೇ ತಪ್ಪು. ನೆಲಮಂಗಲ, ಕುಣಿಗಲ್, ಚನ್ನರಾಯಪಟ್ಟಣ ದಾಟಿ ಹಾಸನಕ್ಕೆ ಬರಲಿ.

ನಾನು ಸಕಲೇಶಪುರದ ಕಡೆಯವನು. ಈಗ ಇರುವುದು ಲಂಡನ್ನಿನಲ್ಲಿ, ಹಳೇ ಕಾರುಗಳಿಗೆ ಇನ್ಶೂರೆನ್ಸ್ ಮಾಡುವ ಒಂದು ಆಫೀಸಿನಲ್ಲಿ ಕೆಲಸ. ಕಾರುಗಳು ಬೇರೆಯವರವು, ಕಾಗದಪತ್ರ ಮಾತ್ರ ನನ್ನದು. ಪಾಲಿಸಿ ಕೊಡುವ ಮುಂಚೆ ನಾವು ಕೇಳುವ ಮೊದಲ ಪ್ರಶ್ನೆ, ಕಾರು ರಾತ್ರಿ ಎಲ್ಲಿ ನಿಲ್ಲುತ್ತೆ ಅಂತ. ಆ ಜಾಗಗಳನ್ನು ನೋಡಿ ನೋಡಿ ನನಗೂ ಒಂದಿಷ್ಟು ಅಭಿಪ್ರಾಯ ಬೆಳೆದಿದೆ. ಊರಿಗೆ ಬಂದಾಗೆಲ್ಲ ನಮ್ಮವರ ಶೆಡ್ಡುಗಳನ್ನೂ ಅದೇ ಕಣ್ಣಿನಲ್ಲಿ ನೋಡುತ್ತೇನೆ. ಮನೆಯವರಿಗೆ ಇದು ದೊಡ್ಡ ಕಿರಿಕಿರಿ.

ಲಂಡನ್ ಕೂಡ ಇಕ್ಕಟ್ಟಿನ ಊರೇ. ಹಳೇ ಸಾಲುಮನೆಗಳಿಗೆ ಗ್ಯಾರೇಜ್ ಅನ್ನೋದೇ ಇಲ್ಲ, ಕಾರು ಬೀದಿಯಲ್ಲೇ ನಿಲ್ಲಬೇಕು. ಕೋಟಿಗಟ್ಟಲೆ ಬೆಲೆಯ ಕಾರನ್ನು ಬೀದಿಯಲ್ಲಿ ಬಿಡೋಕಾಗುತ್ತಾ? ಅದಕ್ಕೇ ಕಾರು ಇಟ್ಟುಕೊಳ್ಳುವುದೇ ಅಲ್ಲಿ ಒಂದು ಕಸುಬಾಗಿದೆ. ರೈಲ್ವೆ ಸೇತುವೆಯ ಕಮಾನುಗಳ ಕೆಳಗೆ ಇಡುತ್ತಾರೆ, ನೆಲಮಾಳಿಗೆಯಲ್ಲಿ ಇಡುತ್ತಾರೆ. ಒಳ್ಳೆಯ ಕಡೆ ಹೊರಗೆ ಬೋರ್ಡೇ ಇರುವುದಿಲ್ಲ. ಕೀಲಿಗಳು ಒಂದು ರೂಮಿನಲ್ಲಿ, ಕಾರುಗಳು ಇನ್ನೊಂದು ಕಡೆ.

ಅಲ್ಲಿ ಕಾರು ಒಳಗೆ ಬರುವ ದಿನದ ಕೆಲಸ ನೋಡಬೇಕು. ಮೊದಲು ಸುತ್ತ ಫೋಟೋ. ಒಂದೊಂದು ಗೀರೂ ದಾಖಲಾಗುತ್ತೆ. ಮೀಟರ್ ಓದಿ ಬರೆದುಕೊಳ್ಳುತ್ತಾರೆ. ಟೈರಿಗೆ ಸ್ವಲ್ಪ ಜಾಸ್ತಿ ಗಾಳಿ ಹಾಕುತ್ತಾರೆ, ಒಂದೇ ಕಡೆ ಭಾರ ಬಿದ್ದು ಚಪ್ಪಟೆ ಆಗದಿರಲಿ ಅಂತ. ಹ್ಯಾಂಡ್‌ಬ್ರೇಕ್ ಎಳೆಯುವುದಿಲ್ಲ. ತಿಂಗಳುಗಟ್ಟಲೆ ಎಳೆದಿಟ್ಟರೆ ಬ್ರೇಕ್ ಶೂ ಡ್ರಮ್ಮಿಗೆ ಕಚ್ಚಿಕೊಳ್ಳುತ್ತೆ. ಬದಲಿಗೆ ಗೇರಿನಲ್ಲಿ ಹಾಕಿ, ಗಾಲಿಗೆ ಮರದ ತುಂಡು ಕೊಡುತ್ತಾರೆ. ಬ್ಯಾಟರಿಗೆ ಒಂದು ಸಣ್ಣ ಚಾರ್ಜರ್ ಸದಾ ಸಿಕ್ಕಿಸಿರುತ್ತೆ. ಹೊದಿಸುವುದು ಗಾಳಿಯಾಡುವ ಬಟ್ಟೆ. ಗೋಡೆಯ ಮೇಲೆ ಗಾಳಿಯ ತೇವ ಅಳೆಯುವ ಮೀಟರು ಇರುತ್ತೆ. ಅದು ಐವತ್ತು ಪರ್ಸೆಂಟಿನ ಆಸುಪಾಸು ಇರಬೇಕು. ಅರವತ್ತು ದಾಟಿ ಅಲ್ಲೇ ನಿಂತರೆ ತುಕ್ಕಿಗೂ ಬೂಷ್ಟಿಗೂ ಹಬ್ಬ.

ಇದಕ್ಕೆಲ್ಲ ತಿಂಗಳಿಗೆ ನೂರಾರು ಪೌಂಡ್ ಬಾಡಿಗೆ. ಈ ರೇಟು ಕೇಳಿ ನಮ್ಮ ಭಾವ, 'ಅಲ್ಲ ಮಾರಾಯ, ಅಷ್ಟು ದುಡ್ಡು ಕೊಟ್ರೆ ನಾನೇ ಹೋಗಿ ಕಾರಿನ ಪಕ್ಕ ಮಲಗ್ತೀನಿ' ಅಂದರು. ಅವರು ತಮಾಷೆಗೆ ಹೇಳಿದ್ದು. ನನಗೆ ಮಾತ್ರ ಅದೇ ಸರಿಯಾದ ಲೆಕ್ಕ ಅನಿಸಿತು. ಅಲ್ಲಿ ಕೊಡುವ ದುಡ್ಡಿನಲ್ಲಿ ನೆಲದ ಬಾಡಿಗೆಯಷ್ಟೇ ಅಲ್ಲ, ನೋಡಿಕೊಳ್ಳುವವನ ಕೂಲಿಯೂ ಸೇರಿದೆ.

ಈಗ ನಮ್ಮ ಕಡೆಗೆ ಬನ್ನಿ. ಕಾರಿನ ಹುಚ್ಚಿನಲ್ಲಿ ಚಿಕ್ಕಮಗಳೂರು ಯಾರಿಗೂ ಕಡಿಮೆ ಇಲ್ಲ. ಏಷ್ಯಾ ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಷಿಪ್ಪಿನ ಭಾರತದ ಸುತ್ತು ಇಲ್ಲಿನ ತೋಟದ ದಾರಿಗಳಲ್ಲೇ ನಡೆದಿತ್ತು. 2016ರಲ್ಲಿ ಆ ಚಾಂಪಿಯನ್ ಪಟ್ಟ ಗೆದ್ದ ಗೌರವ್ ಗಿಲ್ ಹೆಸರು ಮೂಡಿಗೆರೆ ಕಡೆಯ ಹುಡುಗರಿಗೆ ಕ್ರಿಕೆಟ್ ಆಟಗಾರರ ಹೆಸರಿನಷ್ಟೇ ಪರಿಚಯ. ತೋಟದ ಮನೆಗಳ ಶೆಡ್ಡುಗಳಲ್ಲಿ ಇನ್ನೂ ವಿಲ್ಲೀಸ್ ಜೀಪುಗಳಿವೆ, ಕಾಂಟೆಸ್ಸಾಗಳಿವೆ. ಅಪ್ಪ ಓಡಿಸಿದ್ದು ಅಂತ ಮಾರಲ್ಲ. ರಿಪೇರಿಗೆ ದುಡ್ಡು ಹಾಕೋಕೂ ಮನಸ್ಸಿಲ್ಲ.

ಕಳೆದ ಸಲ ಬಂದಾಗ ಆಲ್ದೂರು ಕಡೆಯ ಪರಿಚಯದವರ ತೋಟದಲ್ಲಿ ಒಂದು ಡಾಲ್ಫಿನ್ ನೋಡಿದೆ. ಬೆಂಗಳೂರಿನ ಸಿಪಾನಿ ಕಂಪನಿ 1980ರ ದಶಕದಲ್ಲಿ ಮಾಡಿದ ಫೈಬರ್ ಬಾಡಿಯ ಪುಟ್ಟ ಕಾರು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಇದರ ಮೂಲ, 848 ಸಿಸಿ ಇಂಜಿನ್ನು. ಹಗುರ ಇದ್ದಿದ್ದಕ್ಕೆ ಆ ಕಾಲದ ರ‍್ಯಾಲಿಯವರಿಗೆ ಇದರ ಮೇಲೆ ಬಲು ಪ್ರೀತಿ. ಪ್ಲಾಸ್ಟಿಕ್ ಟಾರ್ಪಾಲ್ ಸರಿಸಿದರೆ ಒಳಗಡೆಯಿಂದ ನೀರಿನ ಹನಿ ಇಳೀತಿತ್ತು. ಹೊರಗೆ ಬಿಸಿಲು, ಟಾರ್ಪಾಲ್ ಒಳಗೆ ಮಳೆಗಾಲ. ಸೀಟಿನ ಮೇಲೆ ಬೆಳ್ಳಗೆ ಬೂಷ್ಟು. ಏರ್ ಫಿಲ್ಟರ್ ಬಿಚ್ಚಿದರೆ ಇಲಿ ಗೂಡು, ಗೋಣಿಚೀಲದ ನಾರು, ಕಾಫಿ ಹೊಟ್ಟು. ಬಾಡಿ ಫೈಬರ್ ಆದ್ದರಿಂದ ಥಳಥಳ ಅಂತಿತ್ತು. ಅದೇ ಮೋಸ ಮಾಡುವುದು. ಕೆಳಗೆ ಬಗ್ಗಿ ನೋಡಿದರೆ ಚಾಸಿಯ ಕಬ್ಬಿಣ ಬೆರಳಿಗೇ ಉದುರುತ್ತಿತ್ತು.

'ವಾರಕ್ಕೊಂದು ಸಲ ರೈಟರ್ ಸ್ಟಾರ್ಟ್ ಮಾಡ್ತಾನಲ್ಲ' ಅಂದರು ಆ ತೋಟದ ಮನೆಯವರು. ರೈಟರ್ ಅಂದರೆ ತೋಟದ ಲೆಕ್ಕಪತ್ರ ಬರೆಯುವವನು. ನಮ್ಮ ಕಡೆ ಎಲ್ಲರ ನಂಬಿಕೆಯೂ ಇದೇ. ನಿಂತಲ್ಲೇ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡೋದು ಒಳ್ಳೆಯದಕ್ಕಿಂತ ಕೆಟ್ಟದ್ದೇ ಜಾಸ್ತಿ. ಇಂಜಿನ್ ಸರಿಯಾಗಿ ಕಾಯುವುದಿಲ್ಲ. ಪೆಟ್ರೋಲ್ ಉರಿದಾಗ ಆದ ನೀರಿನ ಹಬೆ ಸೈಲೆನ್ಸರಿನಲ್ಲೂ ಆಯಿಲಿನಲ್ಲೂ ಉಳಿದುಬಿಡುತ್ತೆ. ಓಡಿಸುವುದಾದರೆ ಆಯಿಲ್ ಬಿಸಿಯಾಗುವಷ್ಟು, ಒಂದು ಅರ್ಧ ಗಂಟೆ ರಸ್ತೆಗೆ ಇಳಿಸಬೇಕು. ಇಲ್ಲವಾದರೆ ಮುಟ್ಟದೇ ಬಿಡುವುದು ವಾಸಿ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೇರೆ. ಅದು ಗಾಳಿಯ ತೇವ ಹೀರುತ್ತೆ, ಹಳೇ ರಬ್ಬರ್ ಪೈಪುಗಳನ್ನು ತಿನ್ನುತ್ತೆ. ಇಂಗ್ಲೆಂಡಿನಲ್ಲಿ ಹತ್ತು ಪರ್ಸೆಂಟ್ ಎಥನಾಲ್ ಬಂದಾಗಲೇ ಹಳೇ ಕಾರಿನವರು ಗೋಳಾಡಿದ್ದರು, ನಮ್ಮಲ್ಲಿ ಇಪ್ಪತ್ತು.

ಇಷ್ಟೆಲ್ಲ ಹೇಳಿ ಮತ್ತೆ ಇಲ್ಲಿಗೇ ತಂದು ಇಡಿ ಅಂತೀಯಲ್ಲ ಅಂತ ನೀವು ಕೇಳಬಹುದು. ನಾನು ಹೇಳಿದ್ದು ಹಾಸನ. ಆಲ್ದೂರು, ಮೂಡಿಗೆರೆ, ಸಕಲೇಶಪುರ ಬೇಡವೇ ಬೇಡ, ನನ್ನ ಊರೇ ಆದರೂ ಸರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಮೈಮೇಲಿನ ಬಟ್ಟೆಯೇ ಒಣಗಲ್ಲ. ಹಾಸನ ಪೇಟೆ ಮಲೆನಾಡಿನ ಅಂಚು. ಘಟ್ಟದ ಕಡೆ ಸುರಿಯುವ ಮಳೆ ಇಲ್ಲಿಗೆ ಬರುವಷ್ಟರಲ್ಲಿ ಅರ್ಧವಾಗಿರುತ್ತೆ. ಅರಸೀಕೆರೆ ಕಡೆ ಹೋದರೆ ಪೂರ್ತಿ ಬಯಲುಸೀಮೆ, ತೆಂಗಿನ ನಾಡು, ಇನ್ನೂ ಒಣ. ಊರು 900 ಮೀಟರಿಗೂ ಎತ್ತರದಲ್ಲಿದೆ, ಸೆಕೆಯಿಲ್ಲ. ಬೆಂಗಳೂರಿನಿಂದ ಸುಮಾರು 185 ಕಿ.ಮೀ., ನಾಲ್ಕು ಪಥದ ರಸ್ತೆ.

ಇನ್ನೊಂದು ಕಾರಣ ಕಾಫಿ. ಹಾಸನದಲ್ಲೂ ಚಿಕ್ಕಮಗಳೂರಲ್ಲೂ ಒಣಗಿದ ಕಾಫಿಯ ಸಿಪ್ಪೆ ಬಿಡಿಸಿ ವಿಂಗಡಿಸುವ ಕ್ಯೂರಿಂಗ್ ವರ್ಕ್ಸ್‌ಗಳಿವೆ. ಕಾಫಿಯನ್ನೆಲ್ಲ ಕಾಫಿ ಬೋರ್ಡೇ ಒಟ್ಟುಗೂಡಿಸಿ ಮಾರುವ ಪೂಲ್ ಪದ್ಧತಿ ಇದ್ದ ಕಾಲದಲ್ಲಿ ಬೆಳೆಗಾರರ ಕಾಫಿ ಇಂಥ ಕಡೆ ಬಂದು ಸೇರುತ್ತಿತ್ತು. ಅದಕ್ಕಂತಲೇ ದಪ್ಪ ಗೋಡೆಯ, ಎತ್ತರದ ಚಾವಣಿಯ ಗೋಡೌನು ಕಟ್ಟಿದರು. 1996ಕ್ಕೆ ಆ ಪದ್ಧತಿ ಪೂರ್ತಿ ಮುಗಿಯಿತು. ಮಳೆಗಾಲದಲ್ಲಿ ಖಾಲಿ ಹೊಡೆಯುವ ಗೋಡೌನುಗಳನ್ನು ನಾನೇ ನೋಡಿದ್ದೇನೆ. ಅಲ್ಲಿನವರಿಗೆ ತೇವದ ಬಗ್ಗೆ ಯಾರೂ ಪಾಠ ಹೇಳಬೇಕಿಲ್ಲ. ಪಾರ್ಚ್‌ಮೆಂಟ್ ಕಾಫಿಯನ್ನು, ಅಂದರೆ ಮೇಲಿನ ಸಿಪ್ಪೆ ತೆಗೆದು ತೊಳೆದ ಬೀಜವನ್ನು, ಹತ್ತು ಪರ್ಸೆಂಟ್ ತೇವಕ್ಕೆ ಒಣಗಿಸಿ ಇಡಬೇಕು, ಜಾಸ್ತಿಯಾದರೆ ಬೀಜ ಬೆಳ್ಳಗಾಗಿ ರೇಟು ಹೋಗುತ್ತೆ. ಮೂಟೆಯನ್ನು ನೆಲಕ್ಕೆ ತಾಗಿಸಲ್ಲ, ಮರದ ಹಲಗೆ ಹಾಕುತ್ತಾರೆ. ಗೋಡೆಗೂ ಒರಗಿಸಲ್ಲ. ಕಿಟಕಿ ಯಾವ ಹೊತ್ತಿಗೆ ತೆಗೀಬೇಕು, ಯಾವ ಹೊತ್ತಿಗೆ ಮುಚ್ಚಬೇಕು ಅಂತ ಮೇಸ್ತ್ರಿಗೆ ಗೊತ್ತು. ಲಂಡನ್ನಿನ ಕಾರಿನ ಗೋಡೌನಿನವನು ಮೀಟರ್ ನೋಡಿ ಮಾಡೋದೂ ಹೆಚ್ಚು ಕಮ್ಮಿ ಇದೇ ಕೆಲಸ.

ಒಂದು ತೊಡಕಿದೆ. ಕಾಫಿ ಪಕ್ಕದ ವಾಸನೆಯನ್ನೆಲ್ಲ ಎಳೆದುಕೊಳ್ಳುತ್ತೆ. ಪೆಟ್ರೋಲ್, ಆಯಿಲ್ ಹತ್ತಿರ ಇಟ್ಟ ಕಾಫಿಯನ್ನು ಕಪ್ಪಿನಲ್ಲಿ ಕುಡಿದವನು ಮತ್ತೆ ಆ ತೋಟದ ಹೆಸರು ಎತ್ತಲ್ಲ. ಹಾಗಾಗಿ ಒಂದೇ ಗೋಡೌನಿನಲ್ಲಿ ಎರಡೂ ಆಗಲ್ಲ. ಕಾರಿಗೆ ಕೊಟ್ಟರೆ ಆ ಕಟ್ಟಡ ಕಾರಿಗೇ. ಮಳೆಗಾಲಕ್ಕೆ ಕಾರು, ಸುಗ್ಗಿಗೆ ಕಾಫಿ ಅಂತ ಲೆಕ್ಕ ಹಾಕುವವರು ಎರಡನ್ನೂ ಕೆಡಿಸುತ್ತಾರೆ.

ಇಷ್ಟು ದೂರ ಯಾರು ತಂದಿಡ್ತಾರೆ ಅನ್ನೋದು ಇನ್ನೊಂದು ಪ್ರಶ್ನೆ. ಲಂಡನ್ನಿನವರು ಇಡುತ್ತಾರಲ್ಲ. ಆಕ್ಸ್‌ಫರ್ಡ್‌ಶೈರಿನ ಬಿಸ್ಟರ್‌ನಲ್ಲಿ ವಾಯುಪಡೆಯ ಒಂದು ಹಳೇ ಬಾಂಬರ್ ನೆಲೆ ಇದೆ. ವಾಯುಪಡೆ ಹೋದ ಮೇಲೆ ಕಟ್ಟಡಗಳು ಖಾಲಿ ಬಿದ್ದಿದ್ದವು. 2013ರಿಂದ ಅದು ಹಳೇ ಕಾರಿನವರ ಕೇಂದ್ರವಾಗಿದೆ. ರಿಪೇರಿ, ಚರ್ಮದ ಕೆಲಸ, ಕಾರು ಇಡುವ ಜಾಗ, ಎಲ್ಲ ಒಂದೇ ಕಡೆ. ಲಂಡನ್ನಿನಿಂದ ಸುಮಾರು 100 ಕಿ.ಮೀ. ಇಂಥ ಕಡೆ ಕಾರು ಇಟ್ಟವರು ಭಾನುವಾರ ಅಲ್ಲಿಗೇ ಹೋಗಿ ಓಡಿಸಿ ಬರುತ್ತಾರೆ. ನಮ್ಮವರಿಗೂ ಬೇಲೂರಿನ ಕಡೆ ಒಂದು ಸುತ್ತು, ಚಿಕ್ಕಮಗಳೂರಿನಲ್ಲಿ ಊಟ, ವಾಪಸ್. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಕ್ಲಚ್ ಸುಡುವುದಕ್ಕಿಂತ ಇದು ಚೆನ್ನಾಗಿಲ್ವಾ?

ಊರೊಳಗಿನ ಬೇಸ್‌ಮೆಂಟಿಗೆ ನೀರಿನ ಭಯ ಬೇರೆ. 2005ರ ಜುಲೈ 26ರಂದು ಮುಂಬೈ ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಸುರಿದಿತ್ತು. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಯಮಲೂರು ಕಡೆ ದುಬಾರಿ ಕಾರುಗಳು ಮುಳುಗಿ ನಿಂತ ಚಿತ್ರಗಳನ್ನು ನಾವು ಆಫೀಸಿನಲ್ಲಿ ಎಲ್ಲರೂ ಕೂತು ನೋಡಿದ್ದೆವು. ನೆಲಮಾಳಿಗೆ ಅಂದರೆ ಅಲ್ಲಿಂದೀಚೆಗೆ ನನಗೆ ಕಾರಿಡುವ ಜಾಗವೇ ಅಲ್ಲ.

ಕಾಗದಪತ್ರದಲ್ಲಿ ಇಂಗ್ಲೆಂಡ್ ಸುಲಭ. ಕಾರು ಓಡಿಸಲ್ಲ ಅಂತ ಒಂದು ಅರ್ಜಿ ಬರೆದುಕೊಟ್ಟರೆ ರಸ್ತೆ ತೆರಿಗೆ ಇಲ್ಲ. ನಲವತ್ತು ವರ್ಷ ತುಂಬಿದರೆ ಐತಿಹಾಸಿಕ ವಾಹನ ಅಂತಾಗಿ ರಿಯಾಯಿತಿಗಳಿವೆ. ನಮ್ಮಲ್ಲಿ 2021ರ ನಿಯಮದ ಪ್ರಕಾರ ವಿಂಟೇಜ್ ಅನಿಸಿಕೊಳ್ಳೋಕೆ ಐವತ್ತು ವರ್ಷ ದಾಟಿರಬೇಕು. ಹೊಸ ನೋಂದಣಿಗೆ 20,000 ರೂಪಾಯಿ. ಆ ಡಾಲ್ಫಿನ್ ಇಂಗ್ಲೆಂಡಿನಲ್ಲಿದ್ದರೆ ಹಿರಿಯರ ಸಾಲಿನಲ್ಲಿ ಕೂರುತ್ತಿತ್ತು. ಇಲ್ಲಿ ಐದು ವರ್ಷಕ್ಕೊಮ್ಮೆ ಆರ್.ಸಿ. ನವೀಕರಣಕ್ಕೆ ಆರ್.ಟಿ.ಓ. ಆಫೀಸಿನ ಮುಂದೆ ನಿಲ್ಲಬೇಕು. ಇನ್ಶೂರೆನ್ಸಿನಲ್ಲಿ ಮಾತ್ರ ಒಂದು ದಾರಿ ತೆರೆದಿದೆ. ಐದು ವರ್ಷ ದಾಟಿದ ಕಾರಿನ ಬೆಲೆಯನ್ನು ಕಂಪನಿಯೂ ಮಾಲೀಕರೂ ಕೂತು ಮಾತಾಡಿ ನಿಗದಿ ಮಾಡಬಹುದು. ಮಾತಾಡೋಕೆ ಕೈಯಲ್ಲಿ ದಾಖಲೆ ಬೇಕು ಅಷ್ಟೆ.

ನಮ್ಮವರು ಎಡವೋದು ಈ ದಾಖಲೆಯಲ್ಲೇ. ಕಾವಲಿಗೆ ನಾಯಿ ಇದೆ, ಕೂಲಿಯವರ ಲೈನ್ ಮನೆಯಲ್ಲಿ ಜನ ಇದ್ದಾರೆ, ಹೊಸ ಮುಖ ಕಂಡರೆ ಊರೇ ವಿಚಾರಿಸುತ್ತೆ. ಕ್ಯಾಮೆರಾಗಿಂತ ಇದು ಒಳ್ಳೆಯದೇ. ಇಲಿ ಬರದಂತೆ ಇಂಜಿನ್ನಿನ ಪಕ್ಕ ಹೊಗೆಸೊಪ್ಪು ಇಡುವುದೂ ಗೊತ್ತು. ರಾಮನಾಥಪುರದಲ್ಲೇ ತಂಬಾಕಿನ ಹರಾಜು ಕಟ್ಟೆ ಇರುವ ಜಿಲ್ಲೆಗೆ ಹೊಗೆಸೊಪ್ಪಿನ ಬರ ಎಲ್ಲಿಂದ? ಆದರೆ ಕೀಲಿ ಯಾರ ಹತ್ತಿರ, ಕಾರು ಯಾವಾಗ ಹೊರಗೆ ಹೋಯಿತು, ಟೈರಿನ ಗಾಳಿ ಯಾವಾಗ ನೋಡಿದರು ಅಂದರೆ ಎಲ್ಲ ಬಾಯಿಮಾತು. ಕಾಫಿ ಕೊಯ್ಲಿನ ಕೂಲಿಯನ್ನು ಕೇಜಿ ಲೆಕ್ಕದಲ್ಲಿ ಪೈಸೆ ಬಿಡದೆ ಬರೆಯುವ ರೈಟರ್, ಕಾರಿಗೆ ಒಂದು ಪುಸ್ತಕ ಇಡಲಾರನೇ?

ಭಾವನಿಗೆ ಇದನ್ನೇ ಹೇಳಿ ಬಂದಿದ್ದೇನೆ. ಹಾಸನದಲ್ಲಿ ಅವರಿಗೆ ಗೊತ್ತಿರುವ ಒಂದು ಹಳೇ ಗೋಡೌನಿದೆ. ಡಾಂಬರು ರಸ್ತೆ ಬಾಗಿಲವರೆಗೂ ಇದೆ. ಇದು ಮುಖ್ಯ. ಸ್ಪೋರ್ಟ್ಸ್ ಕಾರಿನ ಹೊಟ್ಟೆ ನೆಲದಿಂದ ಒಂದು ಗೇಣೂ ಮೇಲಿರಲ್ಲ, ತೋಟದ ಮಣ್ಣುದಾರಿಯಲ್ಲಿ ಅದು ಬರುವುದು ಲಾರಿಯ ಮೇಲೆ ಮಾತ್ರ. ಮೊದಲಿಗೆ ಐದಾರು ಕಾರು ಸಾಕು. ನೆಲಕ್ಕೆ ದಪ್ಪ ಪ್ಲಾಸ್ಟಿಕ್ ಹಾಸು, ತೇವ ಎಳೆಯುವ ಮಿಷನ್ ಎರಡು, ಕರೆಂಟ್ ಹೋದರೆ ಜನರೇಟರ್. ದಿನಕ್ಕೆರಡು ಸಲ ಮೀಟರ್ ನೋಡಿ ಬರೆಯಬೇಕು. ಒಂದು ಮಳೆಗಾಲ ಪೂರ್ತಿ ಹೀಗೆ ಬರೆದ ಪುಸ್ತಕ ಕೈಗೆ ಬಂದರೆ, ಯಾವ ಇನ್ಶೂರೆನ್ಸ್ ಕಂಪನಿಯ ಮುಂದೆ ಬೇಕಾದರೂ ಕೂತು ರೇಟು ಮಾತಾಡೋಕೆ ನಾನು ತಯಾರು.