ಸತ್ಯಾಂಶ: ಬ್ರಹ್ಮೋಸ್ ರಾಡಾರ್‌ಗೆ ಕಾಣುವುದೇ ಇಲ್ವಾ?

"ಸುಖೋಯ್ ಯುದ್ಧವಿಮಾನದಿಂದ ಬಿಟ್ಟ ಬ್ರಹ್ಮೋಸ್ ಕ್ಷಿಪಣಿ ರಾಡಾರ್‌ಗೆ ಕಾಣಲ್ಲ, ಯಾವ ಹಡಗೂ ತಡೆಯಲಾರದು" ಎಂಬ ಮೆಸೇಜ್ ಮತ್ತೆ ಓಡಾಡುತ್ತಿದೆ. ಸುಮ್ನೆ ನಂಬಬೇಡಿ.

2.5 ಟನ್ ತೂಕದ ಈ ಕ್ಷಿಪಣಿಯನ್ನು 2017ರ ನವೆಂಬರ್‌ನಲ್ಲಿ ವಿಮಾನದಿಂದ ಮೊದಲ ಸಲ ಹಾರಿಸಿದ್ದು ದೊಡ್ಡ ಸಾಧನೆಯೇ. ಆದರೆ ಅದು ಕಾಣುತ್ತದೆ, ತಡವಾಗಿ ಅಷ್ಟೇ. ಭೂಮಿ ಗುಂಡಗಿದೆ ಅಲ್ವಾ, ತಗ್ಗಿನಲ್ಲಿ ಬರುವುದು ದೂರದಲ್ಲಿದ್ದಾಗ ದಿಗಂತದ ಮರೆಯಲ್ಲಿರುತ್ತದೆ. ಹಾಗಾಗಿ ನೀರಿನಿಂದ 10 ಮೀಟರ್ ಮೇಲೆ ನುಗ್ಗಿ ಬರುವ ಕ್ಷಿಪಣಿ ಹಡಗಿನ 25 ಮೀಟರ್ ಎತ್ತರದ ರಾಡಾರ್‌ಗೆ ಸಿಗುವುದು ಸುಮಾರು 33 ಕಿಲೋಮೀಟರ್ ಹತ್ತಿರ ಬಂದ ಮೇಲೆಯೇ. ಶಬ್ದದ 2.8 ಪಟ್ಟು ವೇಗಕ್ಕೆ ಅದು ಬರೀ 35 ಸೆಕೆಂಡಿನ ದಾರಿ. ಅಷ್ಟರಲ್ಲೇ ಗುರುತು ಹಿಡಿದು, ಎದುರು ಕ್ಷಿಪಣಿ ಹಾರಿಸಿ, ದಾರಿ ತಪ್ಪಿಸಲು ಲೋಹದ ಚೂರುಗಳನ್ನೂ ಎರಚಬೇಕು. ತುಂಬಾ ಕಷ್ಟ, ಅಸಾಧ್ಯವಲ್ಲ. ಮೇಲೆ ಕಣ್ಗಾವಲು ವಿಮಾನ ಇದ್ದರೆ ಜಾಸ್ತಿ ಸಮಯ ಸಿಗುತ್ತದೆ. ನಮ್ಮ ನೌಕಾಪಡೆಯೂ ಬರಾಕ್-8 ಎಂಬ ಎದುರು ಕ್ಷಿಪಣಿ ಇಟ್ಟುಕೊಂಡಿರುವುದು ಇಂಥ ದಾಳಿಗಳನ್ನು ತಡೆಯಲೆಂದೇ.